ಬೆಳ್ಳಕ್ಕಿ ಬೆಳ್ಳಗಿದೆ ಅಂತ ಕ್ಯಾಮೆರಾಗೆ ಗೊತ್ತಿಲ್ಲ

ಚಿನಕುರಳಿ ಸುತ್ತ ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೆಯೇ ಬೆಳ್ಳಕ್ಕಿಗಳ ಹಿಂಡು ಬರುತ್ತದೆ. ಕಂಡವರೆಲ್ಲ ಮೊಬೈಲ್ ತೆಗೆಯುತ್ತಾರೆ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ನಮಗೆ ಬರುವ ಫೋಟೊದಲ್ಲಿ ಕೆಸರು ಚೆನ್ನಾಗಿ ಕಾಣುತ್ತದೆ. ಹಕ್ಕಿ ಇದ್ದ ಕಡೆ ಮಾತ್ರ ಸುಣ್ಣ ಮೆತ್ತಿದ ಹಾಗೆ ಬಿಳಿ ಮಚ್ಚೆ. ಒಂದು ಗರಿಯೂ ಇರುವುದಿಲ್ಲ.

ತಪ್ಪು ಫೋನಿನ ಬೆಲೆಯದ್ದಲ್ಲ. ಎದುರಿಗೆ ಏನೇ ಇರಲಿ, ಚಿತ್ರ ಒಟ್ಟಾರೆ ನಡುಬೂದಿಯಷ್ಟು ಬೆಳಕಾಗಿರಲಿ ಎಂದು ಕ್ಯಾಮೆರಾ ಲೆಕ್ಕ ಹಾಕುತ್ತದೆ. ತುಂಬ ಕಪ್ಪು ಕೆಸರಿದ್ದರೆ ಕತ್ತಲಾಗಿದೆ ಅಂದುಕೊಂಡು ಬೆಳಕು ಏರಿಸುತ್ತದೆ. ಕೆಸರು ತಿಳಿಯಾಗುತ್ತದೆ, ಬೆಳ್ಳಕ್ಕಿ ಸುಟ್ಟುಹೋಗುತ್ತದೆ.

ಅದಕ್ಕೆ ನಾವೇ ಹೇಳಬೇಕು. ಮೊಬೈಲ್ ಪರದೆಯಲ್ಲಿ ಹಕ್ಕಿಯ ಮೇಲೆ ಬೆರಳಿಡಿ. ಬಹಳಷ್ಟು ಫೋನ್‌ಗಳಲ್ಲಿ ಸೂರ್ಯನ ಗುರುತು ಬರುತ್ತದೆ. ಗರಿ ಕಾಣುವ ತನಕ ಬೆಳಕು ಇಳಿಸಿ. ದೊಡ್ಡ ಕ್ಯಾಮೆರಾ ಆದರೆ ಎಕ್ಸ್‌ಪೋಶರ್ ಮೈನಸ್ 1ಕ್ಕೆ ಇಟ್ಟು ನೋಡಿ. ಬೆಳಕು ಅರ್ಧಕ್ಕೆ ಇಳಿಯುತ್ತದೆ.

ಕೆಆರ್‌ಎಸ್ ಹಿನ್ನೀರಿನಲ್ಲಿ ಸಂಜೆ ಲೆಕ್ಕ ಉಲ್ಟಾ. ಒಣಮರದ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂತಿರುತ್ತದೆ, ಹಿಂದೆ ಹೊಳೆಯುವ ಆಕಾಶ. ಕ್ಯಾಮೆರಾ ಬೆಳಕು ತಗ್ಗಿಸಿ ಹಕ್ಕಿಯನ್ನು ಇದ್ದಿಲು ಮಾಡುತ್ತದೆ. ಆಗ ಪ್ಲಸ್ 1. ಆಕಾಶ ಬಿಳಿಚಿದರೆ ಬಿಳಿಚಲಿ, ನಮಗೆ ಬೇಕಾದ್ದು ಹಕ್ಕಿ. ರಂಗನತಿಟ್ಟಿನ ಬಣ್ಣದ ಕೊಕ್ಕರೆಯಲ್ಲಿ ಬಿಳಿ, ಕಪ್ಪು ಎರಡೂ ಇವೆ. ಅಲ್ಲಿ ನಾವು ಬಿಳಿಯನ್ನೇ ಮೊದಲು ಕಾಯುತ್ತೇವೆ.

ಯಾಕೆಂದರೆ ಕಪ್ಪಾದ ಭಾಗವನ್ನು ಆಮೇಲೆ ಸ್ವಲ್ಪ ಎತ್ತಬಹುದು. ಪೂರ್ತಿ ಸುಟ್ಟ ಬಿಳಿಯಲ್ಲಿ ಏನೂ ದಾಖಲಾಗಿರುವುದಿಲ್ಲ. ಇಲ್ಲದ ಗರಿಯನ್ನು ಈಗ ಆ್ಯಪ್‌ಗಳು ಬರೆದುಕೊಡುತ್ತವೆ. ಅದು ಚಂದವೇ ಇರಬಹುದು, ಆದರೆ ಸುದ್ದಿಚಿತ್ರ ಅಲ್ಲ. ಫೋಟೊ ಲೆಕ್ಕದಲ್ಲಿ ದುಡ್ಡು ಎಣಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಆ ಆಸೆ ಸಣ್ಣದಲ್ಲ. ಆದರೂ ಕಳಿಸುವುದಿಲ್ಲ. ಒಂದು ಗರಿ ಸುಳ್ಳಾದರೆ, ನಾಳೆ ನಾವು ಕಳಿಸುವ ಒಡೆದ ನಾಲೆಯ ಫೋಟೊವನ್ನೂ ಯಾರೂ ನಂಬುವುದಿಲ್ಲ.

ನಿಮ್ಮ ಫೋಟೊ ಕೂಡ ಸಾಕ್ಷಿಯೇ. ಸಣ್ಣ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಹಳದಿ ಪಾದ. ಗೋವಕ್ಕಿಗೆ ಹಳದಿ ಕೊಕ್ಕು. ಮರಿ ಮಾಡುವ ಕಾಲಕ್ಕೆ ತಲೆ, ಕುತ್ತಿಗೆಗೆ ಕೇಸರಿ ಛಾಯೆ. ಬೆಳಕು ಜಾಸ್ತಿಯಾದರೆ ಮೊದಲು ಮಾಯವಾಗುವುದು ಆ ತಿಳಿ ಬಣ್ಣವೇ. ಆಗ ನಿಮ್ಮ ಗದ್ದೆಗೆ ಬಂದಿದ್ದು ಯಾವ ಹಕ್ಕಿ ಎಂದು ಹೇಳುವುದು ಕಷ್ಟ.

ಬೆಳ್ಳಕ್ಕಿ ತೆಗೆಯುವಾಗ ಅನುಮಾನ ಬಂದರೆ ಒಂದು ಚೂರು ಕಪ್ಪಾಗಿಯೇ ತೆಗೆಯಿರಿ.