ಕಿರುಬೆರಳಿನ ಸಾಕ್ಷಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತದೆ ಗಾದೆ. ಆದರೆ ಅಂಗೈಯ ಬುಡದಲ್ಲಿ ಅಡಗಿ ಕೂರುವ ಒಂದು ಬೇನೆಗೆ ಹುಣ್ಣೂ ಇಲ್ಲ, ಗಾಯವೂ ಇಲ್ಲ. ಕನ್ನಡಿ ಹಿಡಿದರೂ ಕಾಣದು. ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಊರುಗಳಲ್ಲಿ ಜನ ಇದನ್ನು ‘ಕೈ ಜುಮ್ಮು ಹಿಡಿಯೋದು’ ಎನ್ನುತ್ತಾರೆ. ಹಗಲೆಲ್ಲ ಕಳೆ ತೆಗೆದು, ಶೇಂಗಾ ಬಿಡಿಸಿ, ಸಂಜೆ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿದು ಮಲಗಿದ ಹೆಣ್ಣುಮಗಳಿಗೆ ನಡುರಾತ್ರಿ ಎಚ್ಚರವಾಗುತ್ತದೆ. ಬೆರಳುಗಳಲ್ಲಿ ಇರುವೆ ಹರಿದಂತೆ. ಎದ್ದು ಕುಳಿತು ಕೈ ಝಾಡಿಸಿದರೆ ತುಸು ಹಗುರ. “ಯಕ್ಕಾ, ರಾತ್ರಿ ಕೈ ಜುಮ್ ಅಂತಾವ, ನಿದ್ದೀನ ಬರಂಗಿಲ್ಲ” ಎಂದರೆ, “ವಾಯು ಇರಬೇಕವಾ, ಎಣ್ಣಿ ತಿಕ್ಕು” ಎಂಬ ಉತ್ತರ ನೆರೆಮನೆಯಲ್ಲಿ ಸಿದ್ಧವಾಗಿರುತ್ತದೆ.

ವೈದ್ಯರು ಇದಕ್ಕೆ ಕೊಟ್ಟ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನ 8 ಪುಟ್ಟ ಎಲುಬುಗಳು ಕಮಾನಿನಂತೆ ಜೋಡಿಸಿಕೊಂಡಿವೆ. ಅವುಗಳ ಮೇಲೆ ಬಿಗಿಯಾದ ಒಂದು ಪಟ್ಟಿ ಮುಚ್ಚಳದಂತೆ ಕುಳಿತಿದೆ. ನಡುವಿನ ಕಿರಿದಾದ ದಾರಿಯಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ಒಂದು ನರ ಸಾಗುತ್ತವೆ. ಸಂತೆಯ ದಿನ ಇಕ್ಕಟ್ಟಾದ ಓಣಿಯನ್ನು ನೆನೆಸಿಕೊಂಡರೆ ಸಾಕು. ರಜ್ಜುಗಳ ಹೊದಿಕೆ ಊದಿಕೊಂಡರೆ ಎಲುಬು ಸರಿಯದು, ಪಟ್ಟಿ ಹಿಗ್ಗದು; ನಡುವೆ ಸಿಕ್ಕು ನಲುಗುವುದು ಮೆತ್ತನೆಯ ನರ. ನಿದ್ದೆಯಲ್ಲಿ ಮಣಿಕಟ್ಟು ಮಡಚಿದಾಗ ಒತ್ತಡ ಇನ್ನಷ್ಟು ಏರುತ್ತದೆ. ಹಾಗಾಗಿಯೇ ರಾತ್ರಿ ಕಾಟ ಹೆಚ್ಚು.

ಇಲ್ಲಿ ಸಾಕ್ಷಿ ಹೇಳುವುದು ಕಿರುಬೆರಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಭಾಗ ಮೀಡಿಯನ್ ನರದ ಪಾಲು. ಕಿರುಬೆರಳಿನ ನರ ಈ ಓಣಿಯ ಹೊರಗೆ ಹಾದುಹೋಗುತ್ತದೆ. ಉಳಿದ ಬೆರಳುಗಳು ಜುಮ್ಮೆಂದು ಕಿರುಬೆರಳು ಮಾತ್ರ ಸುಮ್ಮನಿದ್ದರೆ ಸಂಶಯ ಮಣಿಕಟ್ಟಿನ ಮೇಲೆ. ಎರಡೂ ಹಸ್ತಗಳನ್ನು ಕೆಳಕ್ಕೆ ಮಡಚಿ, ಹಿಂಭಾಗಗಳನ್ನು ಒಂದಕ್ಕೊಂದು ತಾಗಿಸಿ ಒಂದು ನಿಮಿಷ ಹಿಡಿದಾಗ ಜುಮ್ಮು ಬಂದರೆ ಸಂಶಯ ಗಟ್ಟಿ. ಪಾದಗಳಲ್ಲೂ ಜೋಮು ಇದ್ದರೆ, ಕುತ್ತಿಗೆಯಿಂದ ನೋವು ಇಳಿಯುತ್ತಿದ್ದರೆ ಕಾರಣ ಬೇರೆಯಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಇವೂ ಈ ಬೇನೆಯನ್ನು ಕರೆತರಬಲ್ಲವು. ಆದ್ದರಿಂದ ತಪಾಸಣೆ ಮೊದಲು.

ಬೇನೆ ಎಳೆಯದಿದ್ದಾಗ ಮಣಿಕಟ್ಟು ನೇರವಾಗಿರುವಂತೆ ರಾತ್ರಿ ಪಟ್ಟಿ ಕಟ್ಟುವುದುಂಟು. ಇದರೊಡನೆ ಕೈಯಿಂದಲೇ ಮಾಡುವ ಚಿಕಿತ್ಸೆಯೂ ಇದೆ. ಕಲಿತ ಫಿಸಿಯೋಥೆರಪಿಸ್ಟ್ ಮಣಿಕಟ್ಟಿನ ಎಲುಬುಗಳನ್ನು ಮೆಲ್ಲಗೆ ಅಲುಗಿಸುತ್ತಾರೆ, ಮುಂಗೈಯ ಮಾಂಸಖಂಡಗಳ ಬಿಗುವು ಸಡಿಲಿಸುತ್ತಾರೆ, ಕುತ್ತಿಗೆಯಿಂದ ಬೆರಳ ತುದಿಯವರೆಗೆ ನರ ಸರಾಗವಾಗಿ ಜಾರುವಂತೆ ತೋಳನ್ನು ಚಾಚಿಸಿ ಮಡಚಿಸುತ್ತಾರೆ. ಉಳುಕು ತೆಗೆಯುವವರ ಹಾಗೆ ‘ಲಟಕ್’ ಎಂದು ಎಳೆಯುವುದು ಇದಲ್ಲ. ಮೊದಲೇ ನಲುಗಿದ ನರಕ್ಕೆ ಅಂಥ ಎಳೆತ ಬೇಡ.

ಇದರಿಂದ ಗುಣವಾದೀತೆ? ಸ್ಪೇನಿನಲ್ಲಿ ಈ ಬೇನೆಯಿದ್ದ 100 ಮಹಿಳೆಯರ ಮೇಲೆ ನಡೆದ ಪ್ರಯೋಗವೊಂದರ ವರದಿ 2017ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಶಸ್ತ್ರಚಿಕಿತ್ಸೆ. ಉಳಿದವರಿಗೆ ವಾರಕ್ಕೊಮ್ಮೆ ಅರ್ಧ ತಾಸಿನಂತೆ ಮೂರು ಸಲ ಕೈಚಿಕಿತ್ಸೆ. ತಿಂಗಳಾದಾಗ ಕೈಚಿಕಿತ್ಸೆ ಪಡೆದವರೇ ಕೈಯನ್ನು ಚೆನ್ನಾಗಿ ಬಳಸುತ್ತಿದ್ದರು. ಮೂರು ತಿಂಗಳು, ಆರು ತಿಂಗಳು, ವರ್ಷ ಕಳೆದಾಗ ಎರಡೂ ಗುಂಪು ಹೆಚ್ಚುಕಡಿಮೆ ಸಮ.

ಹಾಗೆಂದು ಕತ್ತರಿಯೇ ಬೇಡವೆನ್ನಲಾಗದು. ಕೈಯಿಂದ ವಸ್ತು ಜಾರತೊಡಗಿದರೆ, ಗುಂಡಿ ಹಾಕಲು ಬಾರದಾದರೆ, ಹೆಬ್ಬೆರಳ ಬುಡದ ದಿಂಡು ಸೊರಗಿ ಚಪ್ಪಟೆಯಾದರೆ ನರ ಬಹಳ ಸೋತಿದೆ ಎಂದರ್ಥ. ಆಗ ಪಟ್ಟಿಯನ್ನು ಸೀಳಿ ದಾರಿ ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆಗೆ ತಡಮಾಡಬಾರದು. ಸೊರಗಿದ ಮಾಂಸಖಂಡ ಮತ್ತೆ ತುಂಬಿಕೊಳ್ಳುತ್ತದೆಂಬ ಭರವಸೆ ಇಲ್ಲ.

ಮೂರು ಅರ್ಧ ತಾಸು ಹೆಚ್ಚೇನಲ್ಲ. ಆದರೆ ಬೆಳ್ಳಟ್ಟಿಯಿಂದ ಗದಗಿಗೆ ಮೂರು ಸಲ ಬಸ್ ಹತ್ತುವುದೆಂದರೆ ಮೂರು ದಿನದ ಕೂಲಿ ಹೋಯಿತು. ಅಂದಿನ ರೊಟ್ಟಿಯ ಚಿಂತೆ ಬೇರೆ. “ಸುಗ್ಗಿ ಮುಗೀಲಿ, ಆಮ್ಯಾಲೆ ತೋರಸ್ತೀನಿ” ಎಂದು ಅವಳೇ ಮುಂದೂಡುತ್ತಾಳೆ. ಸುಗ್ಗಿ ಮುಗಿದರೆ ಮದುವೆ, ಮದುವೆ ಮುಗಿದರೆ ಜಾತ್ರೆ. ನರಕ್ಕೆ ಈ ಲೆಕ್ಕ ತಿಳಿಯದು. ಮನೆಯ ಗಂಡಸರು ಆ ಮೂರು ದಿನ ಹಿಟ್ಟು ನಾದಿಕೊಂಡು, ಬಸ್ಸಿಗೆ ಅವಳನ್ನು ಹತ್ತಿಸಿದರೆ, ಚಿಕಿತ್ಸೆಯ ಅರ್ಧ ಭಾಗ ಮನೆಯಲ್ಲೇ ಮುಗಿದಂತೆ.