ಗಾಳದ ನಂಬರು

ಗಾಳ ಹಾಕಿ ಕುಳಿತವನನ್ನು ಕಂಡರೆ ನಮ್ಮ ಜನಕ್ಕೆ ಕನಿಕರ ಬರುತ್ತದೆ. ಪಾಪ, ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಕೈಯಲ್ಲಿ ಕೆಲಸವಿಲ್ಲ ಎಂದು ಅವರ ಎಣಿಕೆ. ನನಗೆ ಎರಡೂ ಅನ್ವಯಿಸುವುದಿಲ್ಲ. ಬೀದರಿನಲ್ಲಿ ವಾರವೆಲ್ಲ ಕಚೇರಿಯ ಕಾಗದ ತಿರುವಿ ಹಾಕುವ ನಾನು, ಭಾನುವಾರ ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯದ ದಂಡೆಗೋ ಔರಾದಿನ ದಾರಿಯಲ್ಲಿ ಸಿಗುವ ಮಾಂಜ್ರಾ ನದಿಯ ಮಡುವಿಗೋ, ಅಲ್ಲಿ ಮೀನಿನ ಹಕ್ಕುಳ್ಳವರ ಅಪ್ಪಣೆ ಪಡೆದು ಹೋಗುತ್ತೇನೆ. ಹೋಗುವುದು ಗೆಂಡೆ ಜಾತಿಯ ಮೀನಿಗಾಗಿ. ಆದರೆ ಭಾನುವಾರದ ಸುಖದುಃಖ ಶನಿವಾರ ಸಂಜೆ ಅಂಗಡಿಯಲ್ಲಿ ಗಾಳ ಆರಿಸುವಾಗಲೇ ನಿಶ್ಚಯವಾಗಿರುತ್ತದೆ.

ಗಾಳದ ಲೆಕ್ಕ ಕಚೇರಿಯ ಲೆಕ್ಕಕ್ಕಿಂತಲೂ ವಿಚಿತ್ರವಾದದ್ದು. ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು. 12 ಸಣ್ಣದು, 4 ದೊಡ್ಡದು. 1ಕ್ಕೆ ಬಂದ ಮೇಲೆ ಲೆಕ್ಕ ಮಗುಚಿಕೊಂಡು 1/0, 2/0 ಎಂದು ಬೆಳೆಯತೊಡಗುತ್ತದೆ. ಸಾಲದ್ದಕ್ಕೆ ಒಬ್ಬ ತಯಾರಕನ 6 ಇನ್ನೊಬ್ಬನ 6ಕ್ಕೆ ಸಮನಾಗಿರಬೇಕೆಂಬ ನಿಯಮವಿಲ್ಲ. ಆದ್ದರಿಂದ ಚೀಟಿಯನ್ನು ನಂಬದೆ ಗಾಳವನ್ನು ಅಂಗೈಯಲ್ಲಿಟ್ಟು ನೋಡುವುದು ಲೇಸು.

ಏನು ನೋಡಬೇಕು? ಕಾರಂಜಾದ ದಂಡೆಯಲ್ಲಿ ಬಲೆ ಸರಿಪಡಿಸುತ್ತಿದ್ದ ಮುದುಕನೊಬ್ಬ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ: “ಸಾಹೇಬ್ರ, ನಿಮ್ಮ ಆಸೆ ನೋಡಿ ಗಾಳ ತಗೋಬ್ಯಾಡ್ರಿ, ಮೀನಿನ ಬಾಯಿ ನೋಡಿ ತಗೋರಿ.”

ಬಾಯಿಗಳೋ ಒಂದರಂತೆ ಒಂದಿಲ್ಲ. ಕಾಟ್ಲಾದ ತಲೆ ದಪ್ಪ, ಬಾಯಿ ಅಗಲ, ಮೇಲ್ಮುಖ. ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೆಸರಿನದು, ಅದರ ಬಾಯಿ ಕೆಳಮುಖ. ಸಾಮಾನ್ಯ ಗೆಂಡೆ ತುಟಿಯನ್ನು ಕೊಳವೆಯಂತೆ ಚಾಚಿ ಎರೆಯನ್ನು ಹೀರುತ್ತದೆ, ಸಂಶಯ ಬಂದರೆ ಉಗುಳಿಬಿಡುತ್ತದೆ. ಈ ಜಾತಿಯ ಮೀನುಗಳ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಆದ್ದರಿಂದ ಗಾಳ ತುಟಿಯಲ್ಲಿ ನಾಟಬೇಕು, ಗಂಟಲಿಗಿಳಿಯಬಾರದು. ಎರೆಹುಳಕ್ಕೆ ಕಾಲು ಉದ್ದವಾದ 8. ಹಿಟ್ಟಿನ ಉಂಡೆಗೆ ಕಾಲು ಗಿಡ್ಡವಾದ, ಬಾಗು ಅಗಲವಾದ 6 ಅಥವಾ 4. ದೊಡ್ಡ ಕಾಟ್ಲಾಕ್ಕೆ ಕಟ್ಟುವ ಉಂಡೆಗೆ 2 ಅಥವಾ 1. ಮೊನೆಯನ್ನು ಉಗುರಿನ ಮೇಲೆ ಮೆಲ್ಲನೆ ಎಳೆದು ನೋಡುತ್ತೇನೆ. ಜಾರಿದರೆ ಅದು ಮೊಂಡು, ಗೀರಿದರೆ ಸರಿ.

ಇದೇನು ಹೊಸ ಶಾಸ್ತ್ರವಲ್ಲ. ನಮ್ಮ ಜಿಲ್ಲೆಯ ಬಸವಕಲ್ಯಾಣ ಅಂದು ಕಲ್ಯಾಣವೆಂಬ ರಾಜಧಾನಿ. ಅಲ್ಲಿಂದ ಆಳಿದ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಮೀನಿಗೆ ತಕ್ಕ ಎರೆಯನ್ನೂ ಹೇಳಿದ್ದಾನೆ. ಐಜಾಕ್ ವಾಲ್ಟನ್ನನ ಪ್ರಸಿದ್ಧ ಇಂಗ್ಲಿಷ್ ಪುಸ್ತಕ ಬಂದದ್ದು 1653ರಲ್ಲಿ, ಐದು ಶತಮಾನಗಳ ಬಳಿಕ. ದಂಡೆಯಲ್ಲಿ ನನ್ನನ್ನು ನೋಡಿ ನಗುವವರಿಗೆ ಇದು ರಾಜವಿದ್ಯೆಯಪ್ಪಾ ಎಂದು ಹೇಳುವುದುಂಟು.

ಆದರೆ ಅರಸನದು ವಿನೋದ, ನನ್ನದೂ ವಿನೋದ; ಆ ಮುದುಕನದು ಹೊಟ್ಟೆಪಾಡು. ಜಲಾಶಯಗಳಿಗೆ ಕಾಟ್ಲಾ, ರೋಹು, ಮೃಗಾಲ್‌ಗಳ ಬೆರಳುದ್ದದ ಮರಿಗಳನ್ನು ಬಿಟ್ಟು ಬೆಳೆಸುತ್ತಾರೆ. 14ರ ಗಾಳ ಇಳಿಬಿಟ್ಟರೆ ಬರಿಗೈಯಲ್ಲಿ ಮರಳುವ ಭಯವಿಲ್ಲ. ಯಾವುದಾದರೂ ಮರಿ ಅದನ್ನು ನುಂಗಿಯೇ ನುಂಗುತ್ತದೆ. ಗಂಟಲಿಗಿಳಿದ ಗಾಳವನ್ನು ಕಿತ್ತು ಮರಿಯನ್ನು ನೀರಿಗೆ ಬಿಟ್ಟರೆ ನನ್ನ ಮನಸ್ಸಿಗೆ ಸಮಾಧಾನವಾದೀತು, ಮರಿ ಬದುಕುವುದು ಕಷ್ಟ. ಬುಟ್ಟಿ ಖಾಲಿಯಾದರೆ ನಮ್ಮ ಮನೆಯಲ್ಲಿ ಅಂದು ಬೇಳೆಯ ಸಾರಾಗುತ್ತದೆ, ಅಷ್ಟೆ. ಮರಿ ಸತ್ತರೆ ಬರುವ ವರ್ಷ ಅವನ ಬಲೆ ಹಗುರಾಗುತ್ತದೆ.

ಅದಕ್ಕೇ ಅಂಗಡಿಯವನು 14ರ ಪೊಟ್ಟಣ ಮುಂದಿಟ್ಟು, “ಇದಕ್ಕ ಭಾಳ ಬೀಳ್ತಾವ್ರೀ” ಎಂದರೂ ನಾನು 6ನ್ನೇ ಕೇಳಿ ಪಡೆಯುತ್ತೇನೆ. ಮನೆಗೆ ಬಂದು ಇಕ್ಕಳದಿಂದ ಮೊನೆಯ ಹಿಂದಿನ ಮುಳ್ಳನ್ನೂ ಒತ್ತಿ ಮಲಗಿಸುತ್ತೇನೆ. ಬಿಡಬೇಕಾದ ಮೀನಿನ ತುಟಿಯಿಂದ ಗಾಳ ಸುಲಭವಾಗಿ ಕಳಚಿಬರುತ್ತದೆ. ದಾರ ಸಡಿಲಬಿಟ್ಟರೆ ಹಿಡಿಯಬೇಕಾದ್ದೂ ಕಳಚಿಕೊಳ್ಳುತ್ತದೆ, ನಿಜ. ಅಂಥ ಭಾನುವಾರ ಬೇಳೆಯ ಸಾರಿಗೆ ಸ್ವಲ್ಪ ಹೆಚ್ಚು ಒಗ್ಗರಣೆ ಹಾಕಿಸಿಕೊಳ್ಳುತ್ತೇನೆ.