ಹ್ಯಾಂಡ್‌ಪೋಸ್ಟಿನಿಂದ ಕಳಸದವರೆಗೆ

ಆಷಾಢದ ಬೆಳಗು, ಗಂಟೆ ಎಂಟೂವರೆ. ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ಹತ್ತಿರ ಒಂದು ಕಾಫಿ ತೋಟದ ಮನೆಯ ಜಗಲಿಯಲ್ಲಿ ನಿಂತಿದ್ದೀರಿ. ಒಳಗೆ ಎದುರಿಗಿದ್ದವರ ಮುಖ ಕಾಣದಷ್ಟು ಮಬ್ಬು. ನಿನ್ನೆ ಸಂಜೆ ಸಿಲ್ವರ್ ಓಕ್ ಮರವೊಂದು ಕರೆಂಟಿನ ತಂತಿಯ ಮೇಲೆ ಮುರಿದು ಬಿದ್ದಿದೆ, ಲೈನ್‌ಮನ್ ಇನ್ನೂ ಈ ಕಡೆ ಬಂದಿಲ್ಲ. ಹಂಚಿನ ಮೇಲೆ ಮಳೆ ಒಂದೇ ಸಮ ಬಡಿಯುತ್ತಿರುವುದರಿಂದ ಮನೆಯವರ ಮಾತು ಅರ್ಧಂಬರ್ಧ ಕೇಳುತ್ತದೆ.

‘ಜನರೇಟರ್ ಹಾಕ್ಲೇನೇ?’

‘ಬೇಡ ಅಪ್ಪಯ್ಯ, ಟವರೇ ಸತ್ತಿದೆ. ಗುಡ್ಡಕ್ಕೆ ಹೋಗ್ತೀನಿ.’

ಈ ಮನೆಯ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ವಾಪಸ್ ಹೋಗಲಿಲ್ಲ. ಆಗೊಮ್ಮೆ ಈಗೊಮ್ಮೆ ಆಫೀಸಿಗೆ ಮುಖ ತೋರಿಸಿ ಬರುತ್ತೇನೆಂದು ಒಪ್ಪಿಸಿ ಇಲ್ಲೇ ಉಳಿದಿದ್ದಾಳೆ. ಒಂಬತ್ತೂವರೆಗೆ ಮೀಟಿಂಗು. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಗಮ್‌ಬೂಟು ಏರಿಸಿ, ಛತ್ರಿ ಹಿಡಿದು ಹೊರಟೇಬಿಟ್ಟಳು. ನೀವೂ ಹಿಂದೆ ಹೋಗಿ. ಕಾಲಿಗೆ ಸುಣ್ಣ ಹಚ್ಚಿಕೊಳ್ಳುವುದನ್ನು ಮರೆಯಬೇಡಿ, ಇಂಬಳಗಳು ದರಗಿನ ಮೇಲೆ ಎದ್ದು ನಿಂತಿವೆ.

ಅರೇಬಿಕಾ ಗಿಡಗಳ ನಡುವೆ ನಾಲ್ಕಾರು ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಗಿಡದ ಮೇಲೆ ಬಿದ್ದು ಅಂಟಿಕೊಂಡ ಮರದ ಎಲೆಗಳನ್ನು ತೆಗೆದು ಹಾಕುತ್ತಿದ್ದಾರೆ. ಆ ಒದ್ದೆ ಎಲೆ ಹಾಗೇ ಉಳಿದರೆ ಕೊಳೆರೋಗ ಹಿಡಿದು ಎಳೆಕಾಯಿ ಉದುರುತ್ತದೆ. ಅವರಲ್ಲೊಬ್ಬರು ತಲೆ ಎತ್ತಿ, ‘ಅಮ್ಮೀ, ನೆಟ್‌ವರ್ಕು ಇಲ್ವಾ ಇವತ್ತು?’ ಎನ್ನುತ್ತಾರೆ. ನೆಟ್‌ವರ್ಕು ಇಲ್ಲದಾಗ ಅವಳು ಗುಡ್ಡ ಹತ್ತುವುದು ತೋಟದವರಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿರಲು ಕಾರಣವೂ ಇದೆ. ಕಾಫಿಯ ದುಡ್ಡು ಕೈಗೆ ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಕಣದಲ್ಲಿ ಒಣಗಿದ ಮೇಲೆ. ಬಟವಾಡೆ ವಾರವಾರವೂ ಆಗಬೇಕು. ಮಳೆಗಾಲದ ಬಟವಾಡೆಗೆ ಹಿಂದೆ ಸಾಲ ಎತ್ತುತ್ತಿದ್ದ ಈ ಮನೆ ಈಗ ಮಗಳ ತಿಂಗಳ ಸಂಬಳದಿಂದ ಅದನ್ನು ತೂಗಿಸುತ್ತಿದೆ. ಗುಡ್ಡದ ನೆತ್ತಿಯಲ್ಲಿ ಸಿಗುವ ಎರಡು ಗೆರೆ ಸಿಗ್ನಲ್ಲನ್ನು ಕೆಳಗಿನ ಲೈನ್ ಮನೆಗಳ ಅಕ್ಕಿಯೂ ನೆಚ್ಚಿಕೊಂಡಿದೆ.

ನೆತ್ತಿಯ ಮೇಲೆ ತಗಡಿನ ಪಂಪ್‌ಹೌಸು. ಮೊಬೈಲನ್ನು ಕಿಟಕಿಯ ಮೇಲ್ಗಂಬಿಗೆ ಕಟ್ಟಿ, ಹಳೆಯ ಗೊಬ್ಬರದ ಚೀಲದ ಮೇಲೆ ಕುಳಿತು, ಲ್ಯಾಪ್‌ಟಾಪು ತೆರೆದಳು. ಮುಂದಿನ ಹದಿನೈದು ನಿಮಿಷ ನಿಮಗೆ ಕೇಳುವುದು ಚುರುಕಾದ ಇಂಗ್ಲಿಷು: ನಿನ್ನೆ ಸಿಕ್ಕ ತಪ್ಪುಗಳು, ಇವತ್ತು ನೋಡಬೇಕಾದವು. ಮಳೆಯ ಸದ್ದು ಆ ಕಡೆ ಕೇಳಬಾರದೆಂದು ಮಾತು ಮುಗಿಸಿದ ಕೂಡಲೇ ಮೈಕ್ ಮುಚ್ಚುತ್ತಾಳೆ. ಇಷ್ಟು ಕಷ್ಟಪಟ್ಟು ಇಲ್ಲೇ ಇರಬೇಕೇ ಎಂದು ಕೇಳಿದರೆ, ‘ಅಲ್ಲಿ ಪೀಜಿ ರೂಮಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಒಂದು ಆಳಿನ ಖರ್ಚು ಕಳೀತದೆ’ ಎಂದಷ್ಟೇ ಹೇಳಿ ಪರದೆಯತ್ತ ತಿರುಗುತ್ತಾಳೆ.

ಗುಡ್ಡ ಇಳಿದು ಟಾರು ರಸ್ತೆಗೆ ಬನ್ನಿ. ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಮನೆ ‘ನಿರುತ್ತರ’ ಇರುವುದು ಇದೇ ಸುತ್ತಿನಲ್ಲಿ. ಮಲೆನಾಡಿನಲ್ಲಿ ಕೂತು ಬರೆದು ಬದುಕುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಮನೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಕುವೆಂಪು ಅವರ ಮಗ ಕಾಲೇಜಿನ ಮೇಷ್ಟರಾಗಬಹುದಿತ್ತು. ಅದನ್ನು ಬಿಟ್ಟು 1960ರ ದಶಕದಲ್ಲಿ ಮೂಡಿಗೆರೆ ತಾಲ್ಲೂಕಿಗೆ ಬಂದು, ಭೂತನಕಾಡಿನಲ್ಲಿ ‘ಚಿತ್ರಕೂಟ’ವೆಂಬ ತೋಟ ಕಟ್ಟಿ, ಆಮೇಲೆ ನಿರುತ್ತರಕ್ಕೆ ಬಂದು ನೆಲೆಸಿದರು. 1980ರಲ್ಲಿ ಬಂದ ‘ಕರ್ವಾಲೊ’, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’, ‘ಪರಿಸರದ ಕತೆ’, ಎಲ್ಲವೂ ಹುಟ್ಟಿದ್ದು ಮೂಡಿಗೆರೆಯ ತೋಟಗಳ ನಡುವೆ.

ನಾವೆಲ್ಲ ಆ ಪುಸ್ತಕಗಳ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ಅವು ಓದುಗನ ಕೈಗೆ ಬಂದ ದಾರಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ತೇಜಸ್ವಿ ‘ಪುಸ್ತಕ ಪ್ರಕಾಶನ’ವೆಂಬ ತಮ್ಮದೇ ಪ್ರಕಾಶನ ಇಟ್ಟುಕೊಂಡಿದ್ದರು. ಬರೆಯುವುದಷ್ಟೇ ಅಲ್ಲ, ಚಿತ್ರ ತೆಗೆಯುವುದು, ಅಚ್ಚು ಹಾಕಿಸುವುದೂ ಅವರ ಕೆಲಸ. ಕಾಫಿಯ ದುಡ್ಡೂ ಇತ್ತು, ಪುಸ್ತಕದ ದುಡ್ಡೂ ಇತ್ತು. ಹಾಗಾಗಿ ಏನು ಬರೆಯಬೇಕೆಂದು ಹೇಳುವ ಯಜಮಾನ ಅವರಿಗೆ ಬೇಕಾಗಲಿಲ್ಲ. ಹಕ್ಕಿಗಳ ಬಗ್ಗೆ ಬರೆಯಬೇಕೆನಿಸಿದರೆ ಬರೆದರು, ಮಿಲೇನಿಯಂ ಸರಣಿಯ ಸಣ್ಣಸಣ್ಣ ಪುಸ್ತಕಗಳಲ್ಲಿ ಜಗತ್ತಿನ ಸುದ್ದಿಯನ್ನೆಲ್ಲ ತಂದು ಹಳ್ಳಿಯ ಹುಡುಗರ ಮುಂದೆ ಸುರಿದರು.

ಕಂಪ್ಯೂಟರು ಬಂದಾಗಲೂ ಹಾಗೆಯೇ. ಬೇರೆ ಲೇಖಕರು ಹಸ್ತಪ್ರತಿಯನ್ನು ಟೈಪಿಂಗ್ ಅಂಗಡಿಗೆ ಕಳಿಸುತ್ತಿದ್ದ ಕಾಲದಲ್ಲಿ ತೇಜಸ್ವಿ ತೋಟದ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟಿದರು. ಕೂತ ಮೇಲೆ ತೊಡಕೆಲ್ಲ ಕಣ್ಣಿಗೆ ಬಿತ್ತು. ಆಗ ಕನ್ನಡದ ಒಂದೊಂದು ತಂತ್ರಾಂಶ ಅಕ್ಷರಗಳಿಗೆ ತನ್ನದೇ ಗುಟ್ಟಿನ ಸಂಖ್ಯೆ ಕೊಟ್ಟುಕೊಂಡಿತ್ತು. ಒಂದರಲ್ಲಿ ಹೊಡೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು. ಕಿನ್ನಿಕಂಬಳ ಪದ್ಮನಾಭ ರಾವ್ ಉಚ್ಚಾರಣೆಯ ಕ್ರಮದಲ್ಲಿ ಬೆರಳೋಡಿಸುವ ಕೀಲಿಮಣೆ ಕೊಟ್ಟಿದ್ದರು. ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ತಂದಿದ್ದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂತು. ಆದರೂ ಕಂಪ್ಯೂಟರಿನ ಒಳಗೆ ಕನ್ನಡ ಇಂಗ್ಲಿಷಿನಷ್ಟೇ ಸಲೀಸಾಗಿ ಓಡಾಡಬೇಕೆಂಬ ತೇಜಸ್ವಿಯವರ ಹಟ ತಣಿಯಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಬೆನ್ನಿಗೆ ನಿಂತವರು ಇದೇ ಕಾಫಿ ಬೆಳೆಗಾರ. ಕೋಡ್ ಬರೆಯುವವರ ಜೊತೆ ಕೂತು ಅಕ್ಷರದ ಮೈಕಟ್ಟಿನ ಬಗ್ಗೆ ವಾದಿಸಿದ ಕಾದಂಬರಿಕಾರ ಕನ್ನಡಕ್ಕೆ ಸಿಕ್ಕಿದ್ದು ನಮ್ಮ ಪುಣ್ಯ ಎಂದು ನಾನು ಮನಸಾರೆ ನಂಬಿದ್ದೇನೆ. ಅವರ ಇಬ್ಬರು ಹೆಣ್ಣುಮಕ್ಕಳೂ ಸಾಫ್ಟ್‌ವೇರ್ ಕೆಲಸಕ್ಕೇ ಹೋದರು.

ಕನ್ನಡದ ಬಳಕೆ ಯೂನಿಕೋಡಿಗೆ ಹೊರಳಿದ ಮೇಲೆ ಪ್ರತಿ ಅಕ್ಷರಕ್ಕೂ ಲೋಕದ ಎಲ್ಲ ಯಂತ್ರಗಳೂ ಒಪ್ಪುವ ಒಂದೇ ಸಂಖ್ಯೆ ಸಿಕ್ಕಿತು. ಸಂತವೇರಿಯ ರೈತನೊಬ್ಬ ಮೊಬೈಲಿನಲ್ಲಿ ‘ಮೆಣಸಿನ ಬಳ್ಳಿ ಸೊರಗು ರೋಗ’ ಎಂದು ಹುಡುಕಿದಾಗ ಉತ್ತರ ಎದ್ದು ಬರುವುದು ಅದರಿಂದ. ಹಳೆಯ ಫಾಂಟುಗಳಲ್ಲಿ ಹೊಡೆದಿಟ್ಟ ಸಾವಿರಾರು ಪುಟಗಳನ್ನು ಯಾವ ಹುಡುಕಾಟವೂ ಮುಟ್ಟುವುದಿಲ್ಲ. ಓದುಗನಿಗೆ ಸಿಗದ ಬರಹಕ್ಕೆ ಸಂಪಾದನೆ ಎಲ್ಲಿಂದ?

ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಳಸದ ಬಸ್ಸು ಹತ್ತಿ. ಕಿಟಕಿಯ ಶಟರ್ ಪೂರ್ತಿ ಇಳಿಯುವುದಿಲ್ಲ, ಎಡ ಭುಜ ತೋಯುತ್ತದೆ. ಪಕ್ಕದಲ್ಲಿ ಕೂತ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜಕ್ಕೆ ಊರಿಗೆ ಹೊರಟಿದ್ದಾನೆ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕರೆ ಸಾಕು ಎನ್ನುತ್ತಾನೆ. ಅಂಥ ಕಂಪನಿಗಳಿಗೂ ಈ ಗುಡ್ಡಗಳಿಗೂ ಇರುವ ನಂಟು ಅವನಿಗೆ ಗೊತ್ತಿಲ್ಲದಿದ್ದರೆ ನೀವು ಹೇಳಿ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಒಂದು ಸೈಬರ್ ಕೆಫೆ. ಲೋಟದ ಪಕ್ಕದಲ್ಲೇ ಇಂಟರ್ನೆಟ್ಟು. 1999ರಲ್ಲಿ ಹುಟ್ಟಿದ ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಗೆ ಆರಂಭದಲ್ಲೇ ಹಣ ಹೂಡಿದವರಲ್ಲಿ ಅವರೂ ಒಬ್ಬರು. 2019ರಲ್ಲಿ ಆ ಪಾಲನ್ನು ಎಲ್ ಆ್ಯಂಡ್ ಟಿ ಕಂಪನಿಗೆ 3,200 ಕೋಟಿ ರೂಪಾಯಿಗೂ ಮೀರಿದ ಬೆಲೆಗೆ ಮಾರಿದರು. ಅದೇ ವರ್ಷ ಜುಲೈನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಈ ಜಿಲ್ಲೆ ಮೌನವಾಗಿತ್ತು.

ಬಣಕಲ್ ದಾಟಿ ಕೊಟ್ಟಿಗೆಹಾರ. ಮಂಜು ರಸ್ತೆಗೇ ಇಳಿದಿದೆ, ಹೋಟೆಲಿನಿಂದ ನೀರ್ದೋಸೆಯ ಹಬೆ. ಒಂದು ದಾರಿ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಘಾಟಿಯ ಗುಡ್ಡ ಕುಸಿದದ್ದು, ಮಲೆಮನೆಯಂಥ ಊರಿನ ಮನೆಗಳು ಮಣ್ಣಿನಡಿ ಸೇರಿದ್ದು ಇಲ್ಲಿಯವರಿಗೆ ಈಗಲೂ ನಿನ್ನೆಯ ಮಾತು. ತೇಜಸ್ವಿ ಪ್ರತಿಷ್ಠಾನ ಇರುವುದೂ ಕೊಟ್ಟಿಗೆಹಾರದಲ್ಲೇ. ನಮ್ಮ ಬಸ್ಸು ಕಳಸದ ದಾರಿ ಹಿಡಿಯುತ್ತದೆ. ಹೇಮಾವತಿ ಹುಟ್ಟುವ ಜಾವಳಿಯ ಸೀಮೆ, ಕೆಳಗೂರಿನ ಚಹಾ ತೋಟ, ತಿರುವಿನ ಮೇಲೆ ತಿರುವು.

ಕಳಸದಲ್ಲಿ ಇಳಿಯುವಾಗ ಕಂಡಕ್ಟರು ಕೂಗಿ ಹೇಳುತ್ತಾರೆ, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಾಳೆ, ಹೊರನಾಡಿಗೆ ಹೋಗುವವರು ಸುತ್ತಿಕೊಂಡು ಹೋಗಿ. ಪೇಟೆಯ ಅಂಗಡಿಯೊಂದರ ಅಟ್ಟದ ಕೋಣೆಗೆ ಏಣಿಮೆಟ್ಟಿಲು ಹತ್ತಿ. ಮೂವತ್ತರ ಆಸುಪಾಸಿನ ಯುವಕ ಎದ್ದು ಕುರ್ಚಿ ಸರಿಸುತ್ತಾನೆ. ‘ಕೂತ್ಕೊಳ್ಳಿ ಮಾರಾಯ್ರೆ, ಬಟ್ಟೆ ಒದ್ದೆಯಾಗಿದೆ, ಕಾಫಿ ಹೇಳ್ತೀನಿ.’ ಅವನಪ್ಪ ಕುದುರೆಮುಖದ ಗಣಿ ಕಂಪನಿಯಲ್ಲಿ ಕೆಲಸದಲ್ಲಿದ್ದವರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿದದ್ದು ಒಳ್ಳೆಯದೇ ಆಯಿತು ಎಂದು ಮಗ ಹೇಳುತ್ತಾನೆ. ಆ ಮನೆಗೆ ಉಳಿದದ್ದು ಎರಡು ಎಕರೆ ಅಡಿಕೆ, ಮರಗಳಿಗೆ ಹಬ್ಬಿಸಿದ ಮೆಣಸು.

ಅವನು ಇಂಟರ್ನೆಟ್ಟಿಗೆ ಬರೆಯುವುದು ಕನ್ನಡದಲ್ಲಿ: ಮೆಣಸು, ಅಡಿಕೆ, ಕಾಫಿ. ಬೋರ್ಡೋ ದ್ರಾವಣ ಕದಡುವ ಅಳತೆ, ಬಸಿಗಾಲುವೆ ಬಿಡಿಸುವ ಹೊತ್ತು, ಬಿಳಿ ಕಾಂಡಕೊರಕ ಹೊಕ್ಕ ಗಿಡ ಗುರುತಿಸುವ ಬಗೆ. ಜೊತೆಗೆ ವಿಡಿಯೊ. ಜಾಹೀರಾತಿನ ದುಡ್ಡಿನ ದಾರಿಯನ್ನು ಅವನು ಬೆರಳು ಮಡಚಿ ವಿವರಿಸುತ್ತಾನೆ. ಹಿಂದಿ ಪುಟಗಳಿಗೆ ಗೂಗಲ್ ಆ್ಯಡ್‌ಸೆನ್ಸ್ 2014ರಲ್ಲೇ ಬಾಗಿಲು ತೆರೆಯಿತು, ತಮಿಳು, ತೆಲುಗಿಗೆ 2018ರಲ್ಲಿ. ಆಗ ಕನ್ನಡದಲ್ಲಿ ಬರೆಯುವವರು ಹೊರಗೇ ನಿಂತಿದ್ದರು. ಯೂಟ್ಯೂಬಿನಲ್ಲಿ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ನೋಟ, ಅಷ್ಟಾದ ಮೇಲೆ ಜಾಹೀರಾತಿನ ಪಾಲು, ಉದ್ದನೆಯ ವಿಡಿಯೊಗಳಿಗೆ ನೂರಕ್ಕೆ 55. ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಚಿತಪಡಿಸಲು ಒಂದು ಗುಪ್ತಸಂಖ್ಯೆ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ಆಗುವವರೆಗೆ ಕೈಗೆ ದುಡ್ಡಿಲ್ಲ. ಆ ಕಾಗದ ಬಂದ ದಿನ ಪೋಸ್ಟ್‌ಮ್ಯಾನ್ ಅದನ್ನು ತೋಟದ ಮನೆಗೇ ತಂದುಕೊಟ್ಟು, ‘ಫಾರಿನ್ ಕೆಲಸವೇನೋ?’ ಎಂದು ಕೇಳಿದ್ದರಂತೆ. ಅಮ್ಮ ಅದನ್ನು ದೇವರ ಮುಂದೆ ಇಟ್ಟಿದ್ದರು.

‘ಜಾಹೀರಾತಿಂದ ಬದುಕೋದು ಆಗ್ತದಾ?’ ಎಂದು ಕೇಳಿ. ನೇರವಾಗಿ ಉತ್ತರಿಸುತ್ತಾನೆ: ‘ಇಲ್ಲ. ಕನ್ನಡ ಓದೋರಿಗೆ ತೋರಿಸೋ ಜಾಹೀರಾತಿಗೆ ಇಂಗ್ಲಿಷಿನಷ್ಟು ರೇಟಿಲ್ಲ. ಜೂನ್ ಜುಲೈಯಲ್ಲಿ ಸೊರಗು ರೋಗದ ಲೇಖನ ಓಡ್ತದೆ, ಬೇಸಿಗೆಯಲ್ಲಿ ಖಾಲಿ.’ ಅವನ ಹೊಟ್ಟೆ ತುಂಬಿಸುವುದು ಸುತ್ತಲಿನ ಹೋಂಸ್ಟೇಗಳಿಗೆ ಅವನು ಮಾಡಿಕೊಡುವ ವೆಬ್‌ಸೈಟುಗಳು. ಬರೆಯಲು ಕಲಿತ ಯುವಕ ಪುಟ ಕಟ್ಟಲೂ ಕಲಿತ, ಪುಟ ಕಟ್ಟಿದ್ದು ನೋಡಿ ನೆರೆಯವರು ಕೆಲಸ ಕೊಟ್ಟರು. ಯಾವ ಕಾಲೇಜಿನ ಕ್ಯಾಂಪಸ್ ಸಂದರ್ಶನದಲ್ಲೂ ಈ ಕೆಲಸ ಇರಲಿಲ್ಲ. ಇನ್ನೊಂದು ಆದಾಯ ತೋಟದ ಮೆಣಸು. ಜಾಹೀರಾತು, ವೆಬ್‌ಸೈಟು, ಮೆಣಸು ಮೂರರ ಲೆಕ್ಕವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ, ಎಡಪುಟದಲ್ಲಿ ತೋಟ, ಬಲಪುಟದಲ್ಲಿ ಕಂಪ್ಯೂಟರು.

ನನಗೆ ಈ ನೋಟ್‌ಬುಕ್ಕಿನ ಮೇಲೆ ತುಂಬ ಗೌರವ ಬಂತು. ಬರೆದು ಬದುಕಬೇಕೆನ್ನುವ ಎಷ್ಟೋ ಹುಡುಗರು ಇದ್ದಬದ್ದದ್ದನ್ನೆಲ್ಲ ಒಂದು ದೊಡ್ಡ ಕಂಪನಿಯ ಅಂಗಳದಲ್ಲಿ ಬಿತ್ತುತ್ತಾರೆ. ಆ ಕಂಪನಿ ಒಂದು ರಾತ್ರಿ ಲೆಕ್ಕಾಚಾರ ಬದಲಿಸಿದರೆ ಅವರ ಓದುಗರು ಯಾರು, ಎಲ್ಲಿದ್ದಾರೆಂಬುದೂ ಅವರಿಗೆ ಗೊತ್ತಿರುವುದಿಲ್ಲ. ನಿರುತ್ತರದ ಬರಹಗಾರರಿಗೆ ತಮ್ಮದೇ ಪ್ರಕಾಶನವಿತ್ತು, ಓದುಗರ ಲೆಕ್ಕಕ್ಕೆ ಬೇರೆ ಕಂಪನಿಯನ್ನು ನೆಚ್ಚಬೇಕಿರಲಿಲ್ಲ. ಕಳಸದ ಈ ಯುವಕ ಓದುಗರ ಲೆಕ್ಕ ಇಡುವುದನ್ನು ಯಾರಿಂದಲೂ ಕಲಿತದ್ದಲ್ಲ, ಆದರೂ ಅದೇ ಕೆಲಸ ಮಾಡುತ್ತಿದ್ದಾನೆ. ಸಲಹೆ ಕೇಳಿ ಫೋನು ಮಾಡಿದ ಪ್ರತಿ ಬೆಳೆಗಾರನ ಊರು, ನಂಬರು, ಎಷ್ಟು ಎಕರೆ, ಯಾವ ತಳಿ, ಎಲ್ಲವನ್ನೂ ಆ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆದುಕೊಂಡಿದ್ದಾನೆ. ಬಾಳೆಹೊನ್ನೂರು, ಕೊಪ್ಪ, ಸಕಲೇಶಪುರ, ಸೋಮವಾರಪೇಟೆ, ಅತ್ತ ಸುಳ್ಯದವರೆಗೆ.

ಮೆಣಸಿನ ಲೇಖನಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡುವ ಯೋಚನೆ ಅವನದು. ಮೊದಲೇ ದುಡ್ಡು ಕಳಿಸಿದವರಿಗೆ ಅಂಚೆ ಖರ್ಚು ಬಿಡುತ್ತಾನಂತೆ. ಪುಟ ಅವನೇ ಕಟ್ಟಿದ್ದಾನೆ, ರೋಗ ಹತ್ತಿದ ಎಲೆಯ ಫೋಟೊಗಳೂ ಅವನವೇ. ನೀವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಶಿವಮೊಗ್ಗದ ಪ್ರೆಸ್ಸಿನಿಂದ ಫೋನು. ಕಿಟಕಿಯ ಹತ್ತಿರ ಹೋಗಿ ಜೋರಾಗಿ ಮಾತಾಡುತ್ತಿದ್ದಾನೆ: ‘ಬಣ್ಣದ ಪುಟ ಕಡಿಮೆ ಮಾಡೋದು ಬೇಡ ಸರ್. ಎಲೆ ಹಳದಿಯಾಗಿದ್ಯೋ ಕಪ್ಪಾಗಿದ್ಯೋ ಅಂತ ರೈತರಿಗೆ ಕಾಣ್ಬೇಕು. ಕಾಗದದ ರೇಟು ಇನ್ನೊಂದ್ಸಲ ನೋಡಿ ಹೇಳಿ.’